ಮೂರು ಸಲದ ತಂತಿ

ಜನವರಿ 9, ಗುರುವಾರ. ವಾಶಿಯ ಲ್ಯಾಬ್, ಸಂಜೆ 5.40

ಇವತ್ತು ಬೆಳ್ಳಿ ಚೆನ್ನಾಗಿ ಕರಗಿತು. ನೈಟ್ರಿಕ್ ಆ್ಯಸಿಡ್‌ನಲ್ಲಿ ನಲವತ್ತು ನಿಮಿಷ. ಚಿನ್ನ, ಬೆಳ್ಳಿ ಬೆರೆತ ತಂತಿಯಿಂದ ಬೆಳ್ಳಿ ಹೊರಟುಹೋದರೆ ಉಳಿಯುವುದು ತೂತುತೂತಿನ ಚಿನ್ನ. ಮೈಕ್ರೋಸ್ಕೋಪಿನಲ್ಲಿ ಒಣಗಿದ ಹೀರೇಕಾಯಿಯ ನಾರಿನ ಹಾಗೆ ಕಾಣುತ್ತದೆ. ಕೂದಲಿನ ಮುನ್ನೂರರಲ್ಲೊಂದು ಪಾಲು ದಪ್ಪ, ಅದರೊಳಗೆ ಅಷ್ಟೊಂದು ತೂತು. ಗಟಾರದ ಅನಿಲ ಗಾಳಿಯಲ್ಲಿ ಒಂದಿಷ್ಟೇ ಇದ್ದರೂ ಆ ತೂತುಗಳ ಗೋಡೆಗೆ ಹತ್ತಿಕೊಳ್ಳುತ್ತದೆ. ತಂತಿಯಲ್ಲಿ ಕರೆಂಟ್ ಹರಿಯುವುದು ಕಷ್ಟವಾಗುತ್ತದೆ. ಆ ಕಷ್ಟವನ್ನು ಅಳೆಯುವುದು ನನ್ನ ಕೆಲಸ. ಆರು ವರ್ಷದಿಂದ.

ಇಪ್ಪತ್ತನಾಲ್ಕು ಚಿಪ್ ಮಾಡಿದ್ದೆ. ಒಂಬತ್ತರಲ್ಲಿ ಮಾತ್ರ ತಂತಿ ಸರಿಯಾಗಿ ಕೂತಿದೆ. ಹದಿನಾಲ್ಕನೆಯ ಚಿಪ್‌ಗೆ ಎರಡು ಸಲ ಗ್ಯಾಸ್ ಬಿಟ್ಟೆ. ಗ್ರಾಫ್ ಏರಿತು, ಇಳಿಯಿತು. ಮೂರನೆಯ ಸಲ ಏರಿತು, ಇಳಿಯಲಿಲ್ಲ. ನಾಲ್ಕನೆಯ ಸಲ ಏರಲೇ ಇಲ್ಲ. ಗ್ಯಾಸಿನೊಳಗಿನ ಗಂಧಕ ಚಿನ್ನಕ್ಕೆ ಅಂಟಿ ಕೂತುಬಿಟ್ಟಿದೆ. ತೂತು ಹೆಚ್ಚಿದ್ದಷ್ಟೂ ಬೇಗ ಪತ್ತೆ ಹಚ್ಚುತ್ತದೆ, ಅಷ್ಟೇ ಬೇಗ ಸಾಯುತ್ತದೆ.

ಲ್ಯಾಬ್ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್‌ನಲ್ಲಿ ಬರೆದದ್ದು ಒಂದೇ ಸಾಲು. ಉಳಿದದ್ದು ಇಲ್ಲಿ. ಮುಂಬೈ ಪಕ್ಕದ ಠಾಣೆಯ ಕನ್ನಡ ಶಾಲೆಯಲ್ಲಿ ಕಲಿತ ಅಕ್ಷರ ಈ ಲ್ಯಾಬಿನಲ್ಲಿ ಯಾರಿಗೂ ಬರುವುದಿಲ್ಲ. ಒಳ್ಳೆಯದೇ.

6.20ರ ಗಾಡಿ ಹಿಡಿಯಬೇಕು. ಠಾಣೆಯಲ್ಲಿ ಬದಲಿಸಿ ದಿವಾ, ಮನೆ. ಇವತ್ತು ನಿಲ್ಲಲು ಜಾಗ ಸಿಕ್ಕರೆ ಸಾಕು.

ಜನವರಿ 14, ಮಂಗಳವಾರ. ದಿವಾ

ಸಂಕ್ರಾಂತಿ. ಅಣ್ಣನ ಹೆಂಡತಿ ಮರಗಮ್ಮ ವೈನಿ ಶೇಂಗಾ ಹೋಳಿಗೆ ಮಾಡಿದ್ದಳು. ಅಣ್ಣ ಜೈಭೀಮನಿಗೆ ರಜೆ ಇರಲಿಲ್ಲ, ಮೂರಕ್ಕೆ ಬಂದ. ಡೊಂಬಿವಲಿಯ ಬಣ್ಣದ ಕಾರ್ಖಾನೆಯೊಂದರ ಹೊಲಸು ನೀರಿನ ಟಾಕಿಗೆ ಇಳಿದು ಕೆಸರು ತೆಗೆದು ಬಂದಿದ್ದ. ಎರಡು ಸಲ ಸ್ನಾನ ಮಾಡಿ ಊಟಕ್ಕೆ ಕೂತ. ಆದರೂ ಕಿವಿಯ ಹಿಂದೆ ನೀಲಿ.

ಕೇಳಿದೆ — ಇಳಿಯುವ ಮೊದಲು ಗ್ಯಾಸ್ ಇದೆಯೋ ಇಲ್ಲವೋ ಹೇಗೆ ನೋಡುತ್ತೀರಿ ಅಂತ.

"ಮೂಗು ಇಲ್ಲೇನು?" ಅಂದ ಅಣ್ಣ. "ಮುಚ್ಚಳ ತಗದ ಕೂಡ್ಲೇ ಕೊಳತ ತತ್ತಿ ವಾಸನಿ ಬರ್ತದ. ಸ್ವಲ್ಪ ಹೊತ್ತು ಕುಂಡ್ರತೀವಿ. ವಾಸನಿ ಹೋತಂದ್ರ ಇಳೀತೀವಿ."

"ಅಣ್ಣಾ, ವಾಸನಿ ಹೋದ್ರ ಗ್ಯಾಸ್ ಹೋಗಿರಂಗಿಲ್ಲ. ಗ್ಯಾಸ್ ಜಾಸ್ತಿ ಆದಾಗ ಮೂಗಿಗಿ ಗೊತ್ತಾಗಂಗಿಲ್ಲ. ಮೂಗು ಸತ್ತಿರ್ತದ."

ತುತ್ತು ಕೈಯಲ್ಲೇ ನಿಂತಿತು. ವೈನಿ ನನ್ನತ್ತ ನೋಡಿದ ನೋಟ... ಹಬ್ಬದ ದಿನ ಹೇಳಬಾರದಿತ್ತು.

ಕಾರ್ಖಾನೆಯ ಆಫೀಸಿನ ಕಪಾಟಿನಲ್ಲಿ ಫಾರಿನ್ ಮೀಟರ್ ಒಂದಿದೆಯಂತೆ. ಇನ್‌ಸ್ಪೆಕ್ಟರ್ ಬಂದ ದಿನ ಹೊರಗೆ ಬರುತ್ತದೆ.

"ನಿನ್ನ ಆ ತಂತಿ ಯಾವಾಗ ತಯಾರಾಗ್ತದ?" ಕೇಳಿದ. ಆರು ವರ್ಷದಲ್ಲಿ ಮೊದಲ ಸಲ ಕೇಳಿದ್ದು.

ಜನವರಿ 22, ಬುಧವಾರ

ಲ್ಯಾಬಿನ ಮುಖ್ಯಸ್ಥ ರಮಾಕಾಂತ ಸರ್ ಗ್ರಾಫ್‌ಗಳನ್ನು ನೋಡಿದರು. ಒಂಬತ್ತರಲ್ಲಿ ನಾಲ್ಕು ಚಿಪ್ ಮೂರು ಸಲದ ನಂತರ ಸತ್ತಿವೆ. ಉಳಿದ ಐದನ್ನು ನಾನೇ ಮೂರಕ್ಕೇ ನಿಲ್ಲಿಸಿದ್ದೆ.

"ಬೆಸ್ಟ್ ಫೈವ್ ಘೇ," ಅಂದರು. "ಪೇಪರ್‌ಗೆ ಐದು ಸಾಕು."

"ಸರ್, ಸತ್ತವು?"

"ಔಟ್‌ಲೈಯರ್ಸ್, ಲೆಕ್ಕಕ್ಕಿಲ್ಲ. ಮುಂದಿನ ಪ್ರಾಜೆಕ್ಟಿನಲ್ಲಿ ನೋಡೋಣ. ಮುಂದಿನ ಪ್ರಾಜೆಕ್ಟ್ ಬರಬೇಕಾದರೆ ಈ ಪೇಪರ್ ಹೋಗಬೇಕಲ್ಲ?"

ಕೆಟ್ಟ ಮನುಷ್ಯ ಅಲ್ಲ. ಮಾರ್ಚ್ 31ಕ್ಕೆ ಫಂಡ್ ಮುಗಿಯುತ್ತದೆ. ನನ್ನ ಕಾಂಟ್ರ್ಯಾಕ್ಟೂ, ಜೂನಿಯರ್ ಅನಘಳದ್ದೂ. ಒಂಬತ್ತರಲ್ಲಿ ಐದನ್ನಷ್ಟೇ ಪೇಪರಿನಲ್ಲಿ ಬರೆದವಳು ನಾನೇ.

ಫೀಲ್ಡ್ ಟ್ರಯಲ್ ಒಂದಿದ್ದರೆ ಚೆನ್ನ ಅಂದರು. ಅಣ್ಣನ ವಿಷಯ ಹೇಳಿದೆ. "ಮಾಡು. ಕಾಗದದ ಮೇಲೆ ಏನೂ ಬೇಡ," ಅಂದರು.

ಫೆಬ್ರವರಿ 6, ಗುರುವಾರ

ಬಾಕ್ಸ್ ಮುಗಿಯಿತು. ಸಾಬೂನಿನ ಡಬ್ಬಿಯಷ್ಟು. ಒಳಗೆ ಹೊಸದಾಗಿ ಮಾಡಿದ ಚಿಪ್, ಬ್ಯಾಟರಿ, ಮೆಮೊರಿ ಕಾರ್ಡ್. ಗ್ಯಾಸ್ ಬಂದರೆ ಕೆಂಪು ದೀಪ, ಸೀಟಿ. ಇಲ್ಲದಿದ್ದರೆ ಹಸಿರು. ಗ್ಯಾಸ್ ಇಲ್ಲದಿದ್ದರೂ ತಂತಿಯ ಮಟ್ಟ ದಿನಕ್ಕೊಂದು ಕಡೆ ಸರಿಯುತ್ತದೆ. ಅದಕ್ಕೆ ಸ್ವಿಚ್ ಹಾಕಿದಾಗಿನ ಮಟ್ಟವನ್ನೇ ಬಾಕ್ಸ್ ಸೊನ್ನೆ ಎಂದು ಹಿಡಿಯುವಂತೆ ಮಾಡಿದೆ. ಈ ಉಪಾಯ ನನ್ನದೇ. ಅನಘ, "ಮಸ್ತ್ ಆಹೆ ತಾಈ," ಅಂದಳು, ಚೆನ್ನಾಗಿದೆ ಅಕ್ಕಾ ಅಂತ. ಖುಷಿಯಾಯಿತು.

ಅಣ್ಣನಿಗೆ ಕೊಟ್ಟೆ. ಹಗ್ಗ ಕಟ್ಟಿ ಮೊದಲು ಬಾಕ್ಸ್ ಇಳಿಸಬೇಕು. ಐದು ನಿಮಿಷ. ಆಮೇಲೆ ಮನುಷ್ಯ.

"ಮೂರೇ ಸಲ ಅಣ್ಣಾ. ಮೂರು ಸಲ ಗ್ಯಾಸ್ ತಾಕಿದ ಮ್ಯಾಲ ಒಳಗಿನ ಚಿಪ್ ಕೆಲಸ ಮಾಡಂಗಿಲ್ಲ. ನನ್ನ ಕಡೆ ತಾ, ಬದಲಿ ಮಾಡಿ ಕೊಡ್ತೀನಿ."

"ಮೂರು," ಅಂದ. ಗೋಡೆಯ ಕ್ಯಾಲೆಂಡರ್ ಪಕ್ಕ ಪೆನ್ಸಿಲ್ ತೂಗುಹಾಕಿದ. ಒಂದೊಂದಕ್ಕೂ ಒಂದು ಗೀಟು ಹಾಕುತ್ತಾನಂತೆ.

ಫೆಬ್ರವರಿ 11, ಮಂಗಳವಾರ

ಕೂಗಿತು!

ಮಧ್ಯಾಹ್ನ ಫೋನು. ಹಿಂದೆ ಗದ್ದಲ. "ದಾನಮ್ಮಾ, ನಿನ್ನ ಮಷಿನ್ ಕೂಗಿತು ನೋಡು!" ಅಣ್ಣನ ಜೊತೆಗಾರ ಭೀಮು ಆಗಲೇ ಏಣಿಯ ಮೇಲೆ ಕಾಲಿಟ್ಟಿದ್ದನಂತೆ. ವಾಸನೆ ಏನೂ ಇರಲಿಲ್ಲವಂತೆ. ಸೀಟಿ ಕೇಳಿ ಮೇಲೆ ಬಂದ. ಎರಡು ತಾಸು ಬ್ಲೋವರ್ ಹಚ್ಚಿ ಗಾಳಿ ಬಿಟ್ಟರು, ಆಮೇಲೆ ಇಳಿದರು.

ಭೀಮು ಫೋನು ಕಸಿದುಕೊಂಡು, "ಅಕ್ಕಾ, ಕಲ್ಯಾಣದ ನಮ್ಮ ಮನಿಗಿ ಬರ್ರಿ ಒಂದಿನ. ನಮ್ಮ ಕಾಶವ್ವನ ಕೈಯಾಗಿನ ಜೋಳದ ರೊಟ್ಟಿ ಉಣಸ್ತೀನಿ. ನಿಮ್ಮ ಹೆಸರು ಹೇಳಿ ಉಣ್ತೀವಿ ಇವತ್ತ," ಅಂದ.

ಟಾಯ್ಲೆಟ್ಟಿಗೆ ಹೋಗಿ ಅತ್ತೆ. ಆರು ವರ್ಷದ ತಂತಿ ಒಬ್ಬ ಮನುಷ್ಯನನ್ನು ಏಣಿಯಿಂದ ಮೇಲೆ ಕರೆದಿದೆ. ಯಾವ ಪೇಪರ್ ಬೇಕು ಇನ್ನು.

ಫೆಬ್ರವರಿ 20, ಗುರುವಾರ

ಮೂರು ಗೀಟು ಆದವು. ಅಣ್ಣ ಬಾಕ್ಸ್ ತಂದ. ಚಿಪ್ ಬದಲಿಸಿದೆ.

ಅವನ ಜೊತೆ ಗುತ್ತಿಗೆದಾರನೂ ಬಂದಿದ್ದ. ಶಶಿಕಾಂತ ಶೇಠ. ವಿಜಯಪುರದವನು, ಮೂವತ್ತು ವರ್ಷದಿಂದ ಡೊಂಬಿವಲಿ. ನಮ್ಮ ಖೋಲಿಯಲ್ಲಿ ಕೂರಲು ಕುರ್ಚಿ ಹುಡುಕಿದ. ಒಂದೇ ಇದೆ.

"ದಾನಕ್ಕಾ, ಇಂಥಾವು ಇನ್ನ ಹತ್ತು ಮಾಡಿಕೊಡು. ಬದಲಾಪುರದಾಗೂ ಕೆಲಸ ಹಿಡದೀನಿ."

"ಶೇಠ್, ಇದು ಟ್ರಯಲ್. ಇದನ್ನ ನಂಬಿ ಇಳಿಸಬ್ಯಾಡ್ರಿ. ಬ್ಲೋವರ್ ಬೇಕೇ ಬೇಕು."

"ಟೆನ್ಶನ್ ನಕೋ, ಅಂಜಬ್ಯಾಡ. ಬ್ಲೋವರ್ ತರೋದು ಅಂದ್ರ ಟೆಂಪೋ, ಜನರೇಟರ್, ಅರ್ಧಾ ದಿನ ಹಾಳ. ಹಸಿರು ಹತ್ತಿತಂದ್ರ ಮುಗೀತು, ಇಳ್ಯಾಕ ಪರ್ಮಿಶನ್."

ಅದು ಪರ್ಮಿಶನ್ ಅಲ್ಲ ಅಂದೆ. ನಕ್ಕ. ವೈನಿ ಚಹಾ ಕೊಟ್ಟಳು, ಕುಡಿದ, ಹೋದ.

ಆ ಮಾತು ಇನ್ನೊಂದು ಸಲ ಜೋರಾಗಿ ಹೇಳಬೇಕಿತ್ತು. ಅಣ್ಣನ ಕೆಲಸ ಅವನ ಕೈಯಲ್ಲಿದೆ ಅಂತ ತಡೆದುಕೊಂಡೆ.

ಮಾರ್ಚ್ 3, ಸೋಮವಾರ. ರೈಲಿನಲ್ಲಿ

ಬರವಣಿಗೆ ಅಲುಗುತ್ತಿದೆ, ಇರಲಿ.

ನಿನ್ನೆ ಅಣ್ಣನ ಬಾಯಿಂದ ಗೊತ್ತಾಯಿತು — ಹದಿನೈದು ದಿನದಿಂದ ಬ್ಲೋವರ್ ಬಂದೇ ಇಲ್ಲ. ಬಾಕ್ಸ್ ಇಳಿಸುತ್ತಾರೆ. ಕೂಗಿದರೆ ಊಟ ಮುಗಿಸಿ ಬಂದು ಮತ್ತೆ ಇಳಿಸುತ್ತಾರೆ. ಹಸಿರಾದರೆ ಇಳಿಯುತ್ತಾರೆ. ಮೊದಲು ಇದ್ದ ಅಷ್ಟಿಷ್ಟು ಹೆದರಿಕೆಯೂ ಈಗಿಲ್ಲ.

"ಬಾಕ್ಸ್ ವಾಪಸ್ ಕೊಡು," ಅಂದೆ.

"ನನ್ನ ಕಡೆ ಎಲ್ಲದ? ಶೇಠನ ಗಾಡ್ಯಾಗ ಇರ್ತದ. ಕೆಲಸದ ದಿನ ತರ್ತಾನ." ಕ್ಯಾಲೆಂಡರ್ ತೋರಿಸಿದ. ಹೊಸ ಚಿಪ್‌ಗೆ ಎರಡು ಗೀಟು. 25, 27. "ಇನ್ನೊಂದು ಸಲ ಅದ. ಆದ ಕೂಡ್ಲೇ ತರ್ತೀನಿ. ನಾ ಎಣಸ್ಲತ್ತೀನಲ್ಲ, ಯಾಕ ಅಂಜ್ತಿ?"

ಸರ್‌ಗೆ ಹೇಳಿದೆ. ಈ ವಾರ ರಿವ್ಯೂ ಕಮಿಟಿ ಬರುತ್ತದೆ, ಅದು ಮುಗಿದ ಮೇಲೆ ತರಿಸಿಕೋ ಅಂದರು. ಬೇಡ, ನಾಳೆಯೇ ಡೊಂಬಿವಲಿಗೆ ಹೋಗಿ ತರುತ್ತೇನೆ.

ಮಾರ್ಚ್ 4

ಹೋಗಲಾಗಲಿಲ್ಲ. ಕಮಿಟಿಗೆ ಸ್ಲೈಡ್ ಮಾಡುವುದು ಎಂಟರವರೆಗೂ ನಡೆಯಿತು. ನಾಡಿದ್ದು ಖಂಡಿತ.

ಮಾರ್ಚ್ 6, ಗುರುವಾರ

ಭೀಮು ಹೋದ.

ಮಾರ್ಚ್ 24, ಸೋಮವಾರ. ದಿವಾ

ಹದಿನೆಂಟು ದಿನ ಬರೆಯಲಿಲ್ಲ. ಇವತ್ತು ಬರೆಯುತ್ತೇನೆ, ಆದದ್ದು ಆದ ಹಾಗೆ.

ಆ ಗುರುವಾರ ಬೆಳಿಗ್ಗೆ ಹತ್ತಕ್ಕೆ ಶೇಠ ಗಾಡಿಯಲ್ಲಿ ಬಾಕ್ಸ್ ತಂದುಕೊಟ್ಟು ಹೋದ. ಅಣ್ಣ ಸ್ವಿಚ್ ಹಾಕಿದ. ಹಸಿರು. ಹಗ್ಗ ಕಟ್ಟಿ ಟಾಕಿಗೆ ಇಳಿಸಿದ. ಐದು ನಿಮಿಷ. ಹಸಿರು. ಸಾಲದು ಅಂತ ಹತ್ತು ನಿಮಿಷ ಇಟ್ಟ. ಹಸಿರೇ. ಭೀಮು ಕೇಳಿದ್ದಾನೆ: "ಹೆಂಗ ಅದ ಅಣ್ಣಾ?" ಅಣ್ಣ ಹೇಳಿದ್ದಾನೆ: "ನಮ್ಮ ದಾನಮ್ಮನ ಮಷಿನ್ ಇಲ್ಲ ಅಂತದ. ಇಳಿ."

ಭೀಮು ನಾಲ್ಕು ಮೆಟ್ಟಿಲು ಇಳಿದ. ಐದನೆಯದಕ್ಕೆ ಕೈ ಬಿಟ್ಟ. ಕೂಗಲಿಲ್ಲ. ಬಿದ್ದ ಸದ್ದಷ್ಟೇ.

ಅಣ್ಣ ಇಳಿಯಲು ಹೋದ. ಕಾರ್ಖಾನೆಯವರು ನಾಲ್ಕು ಜನ ಹಿಡಿದುಕೊಂಡರು. ಅವರು ಹಿಡಿಯದಿದ್ದರೆ ಇಬ್ಬರು. ಫೈರ್ ಬ್ರಿಗೇಡ್ ಬರುವ ಹೊತ್ತಿಗೆ ನಲವತ್ತು ನಿಮಿಷ. ಕಲ್ಯಾಣದ ಆಸ್ಪತ್ರೆಗೆ ಒಯ್ದರು, ಒಯ್ಯಬೇಕು ಅಂತ ಒಯ್ದರು.

ಪೊಲೀಸರು ಬರುವ ಮೊದಲೇ ಅಣ್ಣ ಬಾಕ್ಸ್ ಎಳೆದುಕೊಂಡು ಟವೆಲ್ಲಿನಲ್ಲಿ ಸುತ್ತಿ ಮನೆಗೆ ತಂದ. ಯಾಕೆ ಅಂತ ಅವನಿಗೂ ಗೊತ್ತಿಲ್ಲ. ಇಷ್ಟು ದಿನ ಅದು ವೈನಿಯ ಹಿಟ್ಟಿನ ಡಬ್ಬಿಯ ಹಿಂದೆ ಇದೆ. ಯಾರೂ ಮುಟ್ಟಿಲ್ಲ.

ಭೀಮುವಿನ ಹೆಂಡತಿ ಕಾಶವ್ವನನ್ನು ನೋಡಲು ಕಲ್ಯಾಣಕ್ಕೆ ಹೋಗಿದ್ದೆ, ನಿನ್ನೆ. ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ಹತ್ತು ನಿಮಿಷ ನಿಂತೆ. ಒಳಗೆ ಕರೆದಳು. ನೀರು ಕೊಟ್ಟಳು. ಚಿಕ್ಕ ಮಗಳು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಬೈದಿದ್ದರೆ ಚೆನ್ನಾಗಿತ್ತು. ಒಂದೇ ಮಾತು ಕೇಳಿದಳು:

"ಅಕ್ಕಾ, ಅದು ಕೂಗಿತೇನ್ರಿ? ಕೂಗಿದ್ದು ಅವ್ರಿಗಿ ಕೇಳಲಿಲ್ಲೇನು?"

ನನಗೆ ಗೊತ್ತಿಲ್ಲ ಅಂದೆ. ಕಾರ್ಡ್ ಓದಿದರೆ ಗೊತ್ತಾಗುತ್ತದೆ, ಓದಿ ಹೇಳುತ್ತೇನೆ ಅಂದೆ.

"ಓದ್ರಿ," ಅಂದಳು. "ಕೂಗಿದ್ರ ಅವ್ರದೇ ತಪ್ಪು ಅಂತ ಅಂದ್ಕೋತೀನಿ. ಯಾವಾಗ್ಲೂ ಕಿವಿಮ್ಯಾಲ ಹಾಕ್ಕೋತಿದ್ದಿಲ್ಲ."

ಮಾರ್ಚ್ 27, ಗುರುವಾರ. ಲ್ಯಾಬ್, ಬೆಳಿಗ್ಗೆ 8.15

ಯಾರೂ ಬಂದಿಲ್ಲ. ಕಾರ್ಡ್ ಹಾಕಿದ್ದೇನೆ. ಪ್ರತಿ ಸೆಕೆಂಡಿನ ಲೆಕ್ಕ ಇದೆ.

ಫೆಬ್ರವರಿ 25. ಏರಿದೆ. ಕೂಗಿದೆ.
ಫೆಬ್ರವರಿ 27. ಏರಿದೆ. ಕೂಗಿದೆ.
ಮಾರ್ಚ್ 4. ಏರಿದೆ. ಕೂಗಿದೆ. ಇಳಿದಿಲ್ಲ.
ಮಾರ್ಚ್ 5. ಎರಡು ಸಲ ಸ್ವಿಚ್ ಹಾಕಲಾಗಿದೆ. ಗೆರೆ ಅಲುಗಿಲ್ಲ.
ಮಾರ್ಚ್ 6. 10.22ಕ್ಕೆ ಸ್ವಿಚ್. ಗೆರೆ ಸಪಾಟು. ಭೀಮು ಬಿದ್ದ ಮೇಲೂ ಒಂದು ತಾಸು ಸಪಾಟು.

ನಾಲ್ಕು, ಐದನೆಯ ತಾರೀಖು ಅಣ್ಣನಿಗೆ ಕೆಲಸವೇ ಇರಲಿಲ್ಲ. ಎರಡೂ ದಿನ ಮನೆಯಲ್ಲಿದ್ದ, ನೀರಿನ ಡ್ರಮ್ ತೊಳೆದ. ಹಾಗಾದರೆ ಶೇಠ ಬಾಕ್ಸನ್ನು ಬದಲಾಪುರಕ್ಕೆ ಒಯ್ದಿದ್ದಾನೆ. ಮೂರನೆಯ ಸಲ ಅಲ್ಲಿ ಆಗಿಹೋಗಿದೆ. ಐದನೆಯ ತಾರೀಖು ಬದಲಾಪುರದಲ್ಲಿ ಇಳಿದವರ ಅದೃಷ್ಟ, ಆ ಟಾಕಿಯಲ್ಲಿ ಗ್ಯಾಸ್ ಇರಲಿಲ್ಲ ಅಂತ ಕಾಣುತ್ತದೆ.

ಅಣ್ಣ ಸರಿಯಾಗಿಯೇ ಎಣಿಸಿದ್ದ.

ಬಾಕ್ಸ್‌ಗೆ ಸತ್ತ ತಂತಿಯೂ ಒಂದೇ, ಶುದ್ಧ ಗಾಳಿಯೂ ಒಂದೇ. ಸ್ವಿಚ್ ಹಾಕಿದಾಗಿನ ಮಟ್ಟವೇ ಸೊನ್ನೆ, ಅಲುಗದಿದ್ದರೆ ಹಸಿರು. ಹಾಗೆ ಮಾಡಿದವಳು ನಾನು. ಹದಿನಾಲ್ಕನೆಯ ಚಿಪ್ ಜನವರಿಯಲ್ಲೇ ಹೇಳಿತ್ತು. ಸತ್ತ ತಂತಿಯ ಮಟ್ಟ ಏರಿ ಅಲ್ಲೇ ನಿಂತಿರುತ್ತದೆ, ಅದನ್ನು ನೋಡಿ ಹಳದಿ ದೀಪ ಹತ್ತಿಸಲು ನಾಲ್ಕು ಸಾಲಿನ ಕೋಡ್ ಸಾಕಿತ್ತು. ಅರ್ಧ ಗಂಟೆಯ ಕೆಲಸ.

ಅನಘ ಬಂದಳು. ನನ್ನ ಮುಖ ನೋಡಿ, "ಕಾಯ್ ಝಾಲಂ?" ಅಂದಳು, ಏನಾಯಿತು ಅಂತ. ಸ್ಕ್ರೀನ್ ತೋರಿಸಿದೆ. ಗ್ರಾಫ್ ಓದಲು ಬರುವವಳು, ಓದಿದಳು. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಅಷ್ಟೇ.

ಅದೇ ದಿನ, ಸಂಜೆ

ಅಣ್ಣನಿಗೆ ಹೇಳಿದೆ. ಅವನು ಇಪ್ಪತ್ತು ದಿನದಿಂದ ಕ್ಯಾಲೆಂಡರ್ ಕಡೆ ಬೆನ್ನು ಹಾಕಿ ಕೂರುತ್ತಾನೆ.

"ನೀ ಎಣಿಸಿದ್ದು ತಪ್ಪಾಗಿಲ್ಲ ಅಣ್ಣಾ. ನಡುವ ಶೇಠ ಒಯ್ದಾನ."

ಮೊದಲ ಸಲ ಕ್ಯಾಲೆಂಡರ್ ಕಡೆ ತಿರುಗಿದ. ಆಮೇಲೆ, "ಹಂಗಾದ್ರ ಅದಕ್ಕ ಗೊತ್ತಿದ್ದಿಲ್ಲೇನು, ತಾ ಸತ್ತೀನಂತ?"

"ಗೊತ್ತಿತ್ತು. ಹೇಳಾಕ ನಾ ಕಲಿಸಿದ್ದಿಲ್ಲ."

ಎದ್ದು ಹೊರಗೆ ಹೋದ. ಅವನು ಬೈಯುವುದಿಲ್ಲ. ಚಿಕ್ಕಂದಿನಿಂದ ಒಮ್ಮೆಯೂ ಬೈದಿಲ್ಲ. ನನ್ನನ್ನು ಓದಿಸಲು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು.

ಮಾರ್ಚ್ 30, ಭಾನುವಾರ

ಕಾಶವ್ವನಿಗೆ ಹೇಳಿ ಬಂದೆ. ಕೂಗಲಿಲ್ಲ. ಅವ್ರ ತಪ್ಪಲ್ಲ.

ತಲೆ ಆಡಿಸಿದಳು. "ಕೂಗಿದ್ರ ಕೇಳಿಸ್ಕೊಂಡಿರ್ತಿದ್ರು," ಅಂದಳು. ಆಮೇಲೆ ಜೋರಾಗಿ ಅತ್ತಳು. ಸಾವಿನ ದಿನವೂ ಹಾಗೆ ಅತ್ತಿರಲಿಲ್ಲವಂತೆ, ಪಕ್ಕದ ಮನೆಯಾಕೆ ಹೇಳಿದಳು. ನಾನು ಹೇಳಿದ್ದರಿಂದ ಯಾರಿಗೆ ಏನು ಒಳ್ಳೆಯದಾಯಿತೋ.

ಏಪ್ರಿಲ್ 2, ಬುಧವಾರ

ಪೇಪರ್ ಅಕ್ಸೆಪ್ಟ್ ಆಗಿದೆ. ಸರ್ ಬೆಳಿಗ್ಗೆ ಫೋನು ಮಾಡಿದರು. ದನಿಯಲ್ಲಿ ಸಂತೋಷ ಇರಲಿಲ್ಲ, ಅದು ಸುಳ್ಳಲ್ಲ. ಕಾಂಟ್ರ್ಯಾಕ್ಟ್ ಮೊನ್ನೆ ಮುಗಿದಿತ್ತು. ಐಡಿ ಕಾರ್ಡ್ ಕೊಡಲು ಹೇಗೂ ವಾಶಿಗೆ ಹೋಗಬೇಕಿತ್ತು.

ಕಾರ್ಡಿನ ಗ್ರಾಫ್ ಪ್ರಿಂಟ್ ಮಾಡಿ ಅವರ ಮೇಜಿನ ಮೇಲಿಟ್ಟೆ. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.

"ಸರ್, ಮೂರು ಸಲದ ನಂತರ ಸಾಯುತ್ತದೆ, ಸತ್ತರೂ ಗೊತ್ತಾಗುವುದಿಲ್ಲ ಅಂತ ಪೇಪರಿನಲ್ಲಿ ಹಾಕಿ."

"ಈಗ ಹಾಕಿದರೆ ವಾಪಸ್ ರಿವ್ಯೂಗೆ ಹೋಗುತ್ತದೆ. ಬೇಟಾ, ಅನಘಳ ಫೆಲೋಶಿಪ್ ಇದರ ಮೇಲಿದೆ."

"ಹಾಗಾದರೆ ನನ್ನ ಹೆಸರು ತೆಗೆಯಿರಿ."

ಕಿಟಕಿಯ ಕಡೆ ನೋಡುತ್ತ ಹಿಂದಿಯಲ್ಲಿ ಹೇಳಿದರು, ಮೆಲ್ಲಗೆ: ನೀನು ಹೆಸರು ತೆಗೆದುಕೊಂಡು ಹೋದರೆ ಇದರಲ್ಲಿ ನಾನೊಬ್ಬನೇ ಉಳಿಯುತ್ತೇನೆ. ಮೂರು ವರ್ಷಕ್ಕೆ ರಿಟೈರ್ ಆಗುತ್ತೇನೆ. ನನ್ನಿಂದ ಆಗುವುದಿಲ್ಲ.

ಕೊನೆಗೆ ಒಪ್ಪಿದ್ದು — ಜೊತೆಗಿನ ಹೆಚ್ಚುವರಿ ಪುಟಗಳಲ್ಲಿ ಒಂದು ಸಾಲು. "ದೀರ್ಘಕಾಲದ ಬಳಕೆಯಲ್ಲಿ ಸಂವೇದನೆ ಕುಗ್ಗಬಹುದು." ಹದಿನೇಳನೆಯ ಪುಟ. ಭೀಮು ಎನ್ನುವವನ ಬಗ್ಗೆ ಜಗತ್ತಿನಲ್ಲಿ ಅಚ್ಚಾಗುವುದು ಅಷ್ಟೇ. ಅದೂ ಅವನ ಬಗ್ಗೆ ಅಂತ ಯಾರಿಗೂ ತಿಳಿಯದು.

ನನ್ನ ಹೆಸರು ಇದೆ. ತೆಗೆಸಲಿಲ್ಲ. ಅನಘ ಗೇಟಿನವರೆಗೆ ಬಂದಳು. ಅವಳ ಮುಖ ನೋಡಿ ತೆಗೆಸಲಾಗಲಿಲ್ಲ.

ಏಪ್ರಿಲ್ 22, ಮಂಗಳವಾರ

ಭೀಮುವಿನ ಸಾವಿನ ವಿಚಾರಣೆ ನಡೆಸುವ ಸಾಹೇಬರ ಬಳಿ ಹೋಗಿದ್ದೆ. ಅಣ್ಣ ಬೇಡ ಅಂದಿದ್ದ. "ಮೊದಲ ನನ್ನ ಹಿಡೀತಾರ. ಬಾಕ್ಸ್ ಮುಚ್ಚಿಟ್ಟವ ನಾ." ರಾತ್ರಿಯಿಡೀ ವೈನಿಯ ಬಳೆ ಸದ್ದು ಮಾಡುತ್ತಿತ್ತು. ಆದರೂ ಹೋದೆ. ಬಾಕ್ಸ್ ಮಾಡಿದ್ದೂ ನಾನೇ, ಮುಚ್ಚಿಟ್ಟದ್ದೂ ನಾನೇ ಅಂತ ಹೇಳಲು ತಯಾರಾಗಿದ್ದೆ.

ಫೈಲಿನಲ್ಲಿ ಬಾಕ್ಸೇ ಇಲ್ಲ. ಶೇಠನ ಹೇಳಿಕೆ: ಬ್ಲೋವರ್ ಇತ್ತು, ಮಾಸ್ಕ್ ಇತ್ತು, ಭೀಮು ಯಾರಿಗೂ ಹೇಳದೆ ತಾನಾಗಿ ಇಳಿದ, ಕಾಲು ಜಾರಿತು.

ಸಾಹೇಬರ ಮುಂದೆ ಬಾಕ್ಸ್ ಇಟ್ಟೆ. ಕಾರ್ಡ್, ಗ್ರಾಫ್, ತಾರೀಖು. ಮರಾಠಿಯಲ್ಲಿ ಎಲ್ಲ ಹೇಳಿದೆ, ಹದಿನೈದು ನಿಮಿಷ. ಕೇಳಿಸಿಕೊಂಡರು. ಒಳ್ಳೆಯವರಂತೆಯೇ ಕಂಡರು.

"ಈ ಮಷಿನ್‌ಗೆ ಸರ್ಟಿಫಿಕೇಟ್ ಇದೆಯಾ?"

"ಇಲ್ಲ."

"ನಿಮ್ಮ ಸಂಸ್ಥೆ ಇದನ್ನು ಅಲ್ಲಿಗೆ ಕಳಿಸಿದ ಪತ್ರ?"

"ಇಲ್ಲ."

"ಮ್ಯಾಡಮ್, ಹಾಗಾದರೆ ಇದು ಡಬ್ಬಿ. ಡಬ್ಬಿ ಹಸಿರು ತೋರಿಸಿತು ಅಂತ ಹೇಗೆ ಬರೆಯಲಿ?"

ವಾಪಸ್ ಕೊಟ್ಟರು. ಅದೇ ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದೆ. ತಪ್ಪು ಒಪ್ಪಿಕೊಳ್ಳಲು ಹೋದವಳ ತಪ್ಪನ್ನು ತೆಗೆದುಕೊಳ್ಳಲು ಸರ್ಕಾರದ ಬಳಿ ಕಾಲಮ್ ಇಲ್ಲ.

ಮೇ 11, ಭಾನುವಾರ

ಅನಘಳಿಗೆ ಬೇಡಿಕೊಂಡು ಮೂರು ಶನಿವಾರ ಲ್ಯಾಬಿಗೆ ಹೋದೆ. ಸರ್‌ಗೆ ಗೊತ್ತು, ಗೊತ್ತಿಲ್ಲದವರಂತೆ ಇದ್ದಾರೆ. ಸತ್ತ ಚಿಪ್‌ಗಳನ್ನು ಕಾಯಿಸಿ ನೋಡಿದೆ. ಇನ್ನೂರು ಡಿಗ್ರಿ. ಗಂಧಕ ಬಿಟ್ಟುಹೋಗುತ್ತದೆ, ನಿಜ. ಆದರೆ ಚಿನ್ನವೂ ಕರಗಿದಂತಾಗಿ ತೂತುಗಳು ಮುಚ್ಚಿಕೊಳ್ಳುತ್ತವೆ. ಉಳಿಯುವುದು ಗಟ್ಟಿ ತಂತಿ. ಅದಕ್ಕೆ ಯಾವ ಅನಿಲವೂ ಗೊತ್ತಾಗುವುದಿಲ್ಲ. ಕಡಿಮೆ ಬಿಸಿ ಕೊಟ್ಟರೆ ಗಂಧಕ ಹೋಗುವುದಿಲ್ಲ. ನಡುವಿನ ಬಿಸಿ ಅಂತ ಒಂದಿಲ್ಲ. ನಿನ್ನೆ ಕೊನೆಯ ಚಿಪ್ ಮುಗಿಯಿತು.

ಇದಕ್ಕಿಂತ ಹೆಚ್ಚು ನನಗೆ ಬರುವುದಿಲ್ಲ.

ಅಣ್ಣ ಏಪ್ರಿಲ್ ಕೊನೆಯಿಂದ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾನೆ. ಅದೇ ಶೇಠ. ವೈನಿ ಡಬ್ಬಿ ಕಟ್ಟುತ್ತಾಳೆ, ಹಿಂದಿನ ಹಾಗೇ. ಎರಡು ರೊಟ್ಟಿ, ಕಾರಬ್ಯಾಳಿ. ಅವನು ಹೋದ ಮೇಲೆ ಫೋನಿನ ಪಕ್ಕ ಕೂತು ತೊಗರಿ ಆರಿಸುತ್ತಾಳೆ. ಆರಿಸಿದ್ದನ್ನೇ ಆರಿಸುತ್ತಾಳೆ.

ನಾನು ಕೇಳಿದೆ, ಬೇರೆ ಕೆಲಸ ನೋಡಬಾರದಾ ಅಂತ. ನಲವತ್ತೆರಡು ವರ್ಷ, ಏಳನೆಯ ಕ್ಲಾಸು, ಸೊಂಟ ನೋವು. ಹಮಾಲಿಗೆ ತೆಗೆದುಕೊಳ್ಳಲಿಲ್ಲವಂತೆ. ಸೆಕ್ಯುರಿಟಿಗೆ ಹೋಗಿದ್ದ. ಏಜೆನ್ಸಿಯವನು ಹೆಸರು ಕೇಳಿದ, ಮೊದಲು ಏನು ಕೆಲಸ ಮಾಡುತ್ತಿದ್ದಿ ಅಂತ ಕೇಳಿದ, ಜಾಗ ಇಲ್ಲ ಅಂದ.

ಜೂನ್ 3, ಮಂಗಳವಾರ

ಮಳೆಗೆ ಮುಂಚೆ ಎಲ್ಲ ಟಾಕಿ ಖಾಲಿ ಮಾಡಬೇಕಂತೆ. ನಾಳೆ ಅದೇ ಕಾರ್ಖಾನೆ. ಭೀಮು ಬಿದ್ದದ್ದಲ್ಲ, ಅದರ ಪಕ್ಕದ ಎರಡು.

"ಹೋಗಬ್ಯಾಡ ಅಣ್ಣಾ."

"ನಾ ಹೋಗ್ಲಿಲ್ಲಂದ್ರ ಬದಲಾಪುರದವ್ರು ಇಳೀತಾರ. ಹೊಸಬರು. ಅವ್ರಿಗಿ ಏನೂ ಗೊತ್ತಿಲ್ಲ." ಊಟದ ತಟ್ಟೆ ತೊಳೆಯುತ್ತ ಹೇಳಿದ. ತಿರುಗಿ ನೋಡಲಿಲ್ಲ. "ಮೊದಲ ನಾ ಇಳದಾಗ ಮ್ಯಾಲ ಭೀಮು ಇರ್ತಿದ್ದ, ಹಗ್ಗ ಹಿಡೀಲಿಕ್ಕ. ಈಗ ಶೇಠ ಒಬ್ಬನ್ನ ಕಳಸ್ತಾನ. ಅಂವ ಮೊಬೈಲ್ ನೋಡ್ಕೋತ ಕುಂಡ್ರತಾನ."

ವೈನಿ ನನ್ನ ಮುಖ ನೋಡಿದಳು.

ನಾನು ಬರ್ತೀನಿ ಅಂದೆ. ಅಣ್ಣ ಬೇಡ ಅನ್ನಲಿಲ್ಲ.

ಜೂನ್ 4, ಬುಧವಾರ. ಡೊಂಬಿವಲಿ

10.35. ಟಾಕಿಯ ಪಕ್ಕ ಕೂತಿದ್ದೇನೆ. ಬ್ಲೋವರ್ ತಂದಿದ್ದಾರೆ. ಪ್ಲಗ್ ಪಾಯಿಂಟ್ ಇಲ್ಲ. ಜನರೇಟರ್ ಬೇಕು ಅಂದೆ. ಸೂಪರ್‌ವೈಸರ್ ಫೋನು ಮಾಡುತ್ತೇನೆ ಅಂತ ಹೋದವನು ಬಂದಿಲ್ಲ. ಕಪಾಟಿನ ಮೀಟರ್ ಕೇಳಿದೆ. ಬೀಗದ ಕೈ ಇರುವವನು ರಜೆಯಂತೆ. ಮುಚ್ಚಳ ತೆಗೆದು ಎರಡು ತಾಸಾಯಿತು. ಬಕೆಟ್ಟಿನಿಂದ ನೀರು ಹೊಡೆದೆವು, ತಗಡು ಬೀಸಿದೆವು. ನಮ್ಮ ಕೈಯಲ್ಲಿ ಇದ್ದದ್ದು ಅಷ್ಟು.

ಅಣ್ಣನ ಸೊಂಟಕ್ಕೆ ಹಗ್ಗ ನಾನೇ ಕಟ್ಟಿದೆ. ಎರಡು ನಿಮಿಷಕ್ಕೊಮ್ಮೆ ನಾನು ಎಳೆಯಬೇಕು, ಅವನು ತಿರುಗಿ ಎಳೆಯಬೇಕು. ಎಳೆಯದಿದ್ದರೆ ಗೇಟಿನ ಹತ್ತಿರದ ನಾಲ್ಕು ಜನರನ್ನು ಕೂಗಬೇಕು, ಎಲ್ಲರೂ ಸೇರಿ ಎಳೆಯಬೇಕು. ನಾಲ್ಕೂ ಜನರ ಹೆಸರು ಕೇಳಿ ಇಟ್ಟುಕೊಂಡಿದ್ದೇನೆ.

ಬರೆದಿಡದಿದ್ದರೆ ನಿಮಿಷ ತಪ್ಪುತ್ತದೆ. ಬಲಗೈಗೆ ಹಗ್ಗ ಸುತ್ತಿದ್ದೇನೆ. ಎಡಗೈ ಅಕ್ಷರ.

10.48 — ಇಳಿದ.
10.50 — ಎಳೆದ.
10.52 — ಎಳೆದ.
10.54 — ಎಳೆದ. ಕೆಮ್ಮು ಕೇಳಿಸಿತು.
10.56 — ಎಳೆದ.
10.58 — ತಡ. ಮತ್ತೆ ಎಳೆದೆ. ಎಳೆದ.
11.00 — ಎಳೆದ.
11.02 — ಮೇಲೆ ಬಂದ.

ಕಣ್ಣು ಕೆಂಪು. ವಾಂತಿ ಮಾಡಿಕೊಂಡ. ನೀರು ಕುಡಿದ. ಸಾಕು, ನಡಿ ಮನೆಗೆ ಅಂದೆ. ಗೋಡೆಗೆ ಒರಗಿ ಕೂತು, "ಇನ್ನೊಂದು ಅದ," ಅಂದ. ಸ್ವಲ್ಪ ಹೊತ್ತಾದ ಮೇಲೆ, "ನೀ ಹಿಡ್ಕೊಂಡಿದ್ರ ಬೇಷ್ ಅನಸ್ತದ," ಅಂದ. ಮಾರ್ಚ್‌ನಿಂದ ಈಚೆಗೆ ನನ್ನ ಬಗ್ಗೆ ಅವನು ಹೇಳಿದ ಮೊದಲ ಒಳ್ಳೆಯ ಮಾತು. ಗಂಟು ಬಿಚ್ಚಿ ಮತ್ತೆ ಕಟ್ಟಿದೆ, ಇನ್ನೂ ಬಿಗಿಯಾಗಿ.

11.40 — ಎರಡನೆಯ ಟಾಕಿ. ಇಳಿದ. ಇದು ಆಳ ಜಾಸ್ತಿ. ತಲೆ ಕಾಣುವುದಿಲ್ಲ.
11.42 — ಎಳೆದ.
11.44 — ಎಳೆದ.
11.46 — ಎಳೆದ.
11.48 — ಎಳೆದೆ. ಮತ್ತೆ ಎಳೆದೆ.